ಆರೋಗ್ಯದ ಪ್ರಶ್ನೆಗೆ ಬರೆಯುವ ಉತ್ತರ

ಅಥಣಿಯಿಂದ ಮೂಡಣಕ್ಕೆ, ವಿಜಯಪುರದ ದಿಕ್ಕಿಗೆ ಹೊರಟರೆ ಕೃಷ್ಣೆಯ ದಂಡೆಯ ಕಬ್ಬಿನ ಹಸುರು ಹಿಂದೆ ಉಳಿದು, ನೆಲ ಬರಬರುತ್ತ ಒಣಗುತ್ತದೆ. ಜೋಳ, ತೊಗರಿ, ನಡುನಡುವೆ ಕೊಳವೆಬಾವಿಯ ನೀರನ್ನು ನಂಬಿದ ದ್ರಾಕ್ಷಿಯ ಪಡಗಳು. ಆ ಸೀಮೆಯ ದೊಡ್ಡ ಊರುಗಳಲ್ಲಿ ತೆಲಸಂಗವೂ ಒಂದು. ಅಲ್ಲಿ ಇಬ್ಬರು ಪರಿಚಿತರು ಎದುರಾದರೆ ಮೊದಲು ಹೊರಡುವ ಮಾತು, “ಆರಾಮ ಅದೀರೇನ್ರಿ?” ಎಂಬುದು. ಕೇಳಿದವರು ಜ್ವರ ಕೆಮ್ಮುಗಳನ್ನಷ್ಟೇ ವಿಚಾರಿಸುತ್ತಿಲ್ಲ. ಮೈ ಹೇಗಿದೆ, ಮನಸ್ಸು ಹೇಗಿದೆ, ಮಳೆಬೆಳೆ ಹೇಗೆ, ಮಗಳ ಮದುವೆಯ ಸಾಲ ತೀರಿತೇ, ಅಣ್ಣತಮ್ಮಂದಿರ ಮನಸ್ತಾಪ ಮುಗಿಯಿತೇ ಎಂಬುದೆಲ್ಲ ಆ ಒಂದು ಶಬ್ದದಲ್ಲಿ ಅಡಗಿದೆ. ಅದಕ್ಕೆಂದೇ “ಆರಾಮಿಲ್ಲ” ಎಂಬ ಉತ್ತರ ಬಂದಾಗ ಕೇಳಿದವರು ಮುಂದೆ ಹೋಗದೆ ನಿಂತು, ಏನಾಯಿತೆಂದು ವಿಚಾರಿಸುತ್ತಾರೆ.

ಇದೇ ಸೀಮೆಯ ಹುಡುಗನೊಬ್ಬ, ಇಲ್ಲವೆ ಹುಡುಗಿಯೊಬ್ಬಳು, ದ್ವಿತೀಯ ಪಿಯುಸಿಯ ಜೀವಶಾಸ್ತ್ರದ ಪರೀಕ್ಷೆಗೆ ಕುಳಿತಾಗ “ಆರೋಗ್ಯವೆಂದರೇನು?” ಎಂಬ ಪ್ರಶ್ನೆ ಬರುವುದುಂಟು. ಹಲವು ವರ್ಷ ಉತ್ತರಪತ್ರಿಕೆಗಳನ್ನು ಓದಿದವನಾಗಿ ಹೇಳುತ್ತೇನೆ: ಈ ಪ್ರಶ್ನೆಗೆ ಬಹುಮಂದಿ ಬರೆಯುವ ಉತ್ತರ, ರೋಗವಿಲ್ಲದಿರುವುದೇ ಆರೋಗ್ಯ ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 1946ರಲ್ಲಿ ಅಂಗೀಕರಿಸಿ 1948ರಲ್ಲಿ ಜಾರಿಗೆ ತಂದ ತನ್ನ ಸಂವಿಧಾನದಲ್ಲಿ ಈ ಉತ್ತರ ಸಾಲದೆಂದು ಸ್ಪಷ್ಟವಾಗಿ ಹೇಳಿತು. ದೇಹ, ಮನಸ್ಸು, ಸಮಾಜಜೀವನ ಈ ಮೂರರ ಪೂರ್ಣ ಸುಸ್ಥಿತಿಯೇ ಆರೋಗ್ಯ; ರೋಗವಿಲ್ಲದಿರುವುದು ಅದರ ಒಂದು ಭಾಗ ಮಾತ್ರ. ಪಠ್ಯಪುಸ್ತಕವೂ ಇದನ್ನೇ ಹೇಳುತ್ತದೆ. ವಿಶೇಷವೆಂದರೆ, ದಿನವೂ ಬೀದಿಯಲ್ಲಿ ಆರಾಮ ಎಂಬ ಶಬ್ದವನ್ನು ಇಷ್ಟು ವಿಸ್ತಾರವಾದ ಅರ್ಥದಲ್ಲಿ ಬಳಸುವ ಮಕ್ಕಳೇ ಪರೀಕ್ಷೆಯ ಕೋಣೆಯಲ್ಲಿ ಅದನ್ನು ಜ್ವರದ ಅಳತೆಗೆ ಇಳಿಸಿ ಅರ್ಧ ಅಂಕ ಕಳೆದುಕೊಳ್ಳುತ್ತಾರೆ. ಗೊತ್ತಿಲ್ಲದೆ ಕಳೆದುಕೊಂಡ ಅಂಕವಲ್ಲ ಅದು. ಗೊತ್ತಿದ್ದದ್ದು ಉತ್ತರದಲ್ಲಿ ಬರಬಹುದೆಂದು ಹೊಳೆಯದೆ ಕಳೆದುಕೊಂಡದ್ದು.

ಹೊಳೆಯದಿರುವುದಕ್ಕೆ ಕಾರಣವೂ ಇದೆ. ಈ ಭಾಗದ ಮಕ್ಕಳಲ್ಲಿ ಬಹುಪಾಲು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಗಡಿಯಾಚೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗೆ ಹೋದ ಮಕ್ಕಳ ಸ್ಥಿತಿಯೂ ಇದೇ. ಮುಂದೆ ವಿಜ್ಞಾನವನ್ನು ಆರಿಸಿಕೊಂಡೊಡನೆ ಪಾಠದ ಭಾಷೆ ಇಂಗ್ಲಿಷಿಗೆ ಹೊರಳುತ್ತದೆ. ಮನೆಯಲ್ಲಿ ಚಳಿಜ್ವರವಾಗಿದ್ದದ್ದು ಮಲೇರಿಯಾ ಆಗುತ್ತದೆ. ಗಜಕರ್ಣವಾಗಿದ್ದದ್ದು ರಿಂಗ್‌ವರ್ಮ್ ಆಗುತ್ತದೆ. ಆನೆಕಾಲು ಫೈಲೇರಿಯಾಸಿಸ್ ಆಗುತ್ತದೆ. ಹೆಸರು ಬದಲಾದರೆ ತೊಂದರೆಯಿಲ್ಲ. ಆದರೆ ಹೆಸರಿನೊಡನೆ ವಸ್ತುವೂ ಬದಲಾಯಿತೆಂದು ಮಗು ಭಾವಿಸುತ್ತದೆ. ತನ್ನ ಸೋದರಮಾವನ ತೊಡೆಯ ಸಂದಿನ ಗಜಕರ್ಣ ಬೇರೆ, ಪುಸ್ತಕದ ಟ್ರೈಕೋಫೈಟಾನ್ ಎಂಬ ಶಿಲೀಂಧ್ರ ತರುವ ರೋಗ ಬೇರೆ ಎಂಬಂತೆ ಓದುತ್ತದೆ. ಸೆಕೆಯಲ್ಲಿ ಬೆವರು ನಿಲ್ಲುವ ಮೈಯ ಮಡಿಕೆಗಳಲ್ಲಿಯೇ ಅದು ಏಕೆ ಹಬ್ಬುತ್ತದೆಂಬ ಪ್ರಶ್ನೆ ಬಂದರೆ, ಸೋದರಮಾವನನ್ನು ನೆನೆದಿದ್ದರೆ ಸಿಗುತ್ತಿದ್ದ ಉತ್ತರವನ್ನು ಪುಟದ ಸಂಖ್ಯೆಯಲ್ಲಿ ಹುಡುಕುತ್ತದೆ. ಶಾಖವೂ ತೇವವೂ ಶಿಲೀಂಧ್ರದ ಬೆಳವಣಿಗೆಗೆ ಬೇಕು, ಆ ಎರಡೂ ಅಲ್ಲಿ ಸಿಗುತ್ತವೆ. ಉತ್ತರ ಇಷ್ಟೇ.

ಈಗ ಮಕ್ಕಳ ಕಣ್ಣು ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಮೇಲೆ ನೆಟ್ಟಿರುತ್ತದೆ. 2017ರಿಂದ ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ‘ಬರೆಯಬಹುದು’ ಎಂದೆನಾದರೂ ಅಲ್ಲಿ ಬರೆಯುವುದೇನೂ ಇಲ್ಲ. ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದು ಅಷ್ಟೇ. 2021ರಲ್ಲಿ ಕೊರೋನಾ ಹಾವಳಿಯಿಂದಾಗಿ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಹತ್ತನೆಯ ತರಗತಿಯ ಪರೀಕ್ಷೆ ಜುಲೈ ತಿಂಗಳಲ್ಲಿ ಎರಡೇ ದಿನ, ಗುರುತು ಹಾಕುವ ಪ್ರಶ್ನೆಗಳೊಡನೆ ನಡೆಯಿತು. ಆ ಗಳಿಗೆಗೆ ಅದು ಅನಿವಾರ್ಯವಾಗಿತ್ತು. ಆದರೆ ಗುರುತು ಹಾಕುವವನು ಕಾರಣವನ್ನು ಬಲ್ಲನೆಂದು ಹೇಳುವಂತಿಲ್ಲ. ಕಾರಣವನ್ನು ತನ್ನ ವಾಕ್ಯದಲ್ಲಿ, ಒಂದು ಮಾತಿಗೆ ಇನ್ನೊಂದು ಮಾತನ್ನು ಹೊಂದಿಸಿ ಹೇಳಿದಾಗಲೇ ಅದು ತಿಳಿಯುವುದು. ಬರೆಯುವ ಪರೀಕ್ಷೆಯ ಬೆಲೆ ಇರುವುದು ಅಲ್ಲಿ, ಕಷ್ಟವಿರುವುದೂ ಅಲ್ಲಿಯೇ.

ವಿಷಮಶೀತ ಜ್ವರವನ್ನು, ಎಂದರೆ ಟೈಫಾಯಿಡನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಐದು ಅಂಕದ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಒಂದು ಪಟ್ಟಿ. ರೋಗಾಣು, ಸಾಲ್ಮೊನೆಲ್ಲಾ ಟೈಫಿ. ಹರಡುವಿಕೆ, ನೀರು ಮತ್ತು ಆಹಾರ. ಲಕ್ಷಣಗಳು, ಜ್ವರ, ತಲೆನೋವು, ಹೊಟ್ಟೆನೋವು. ಪರೀಕ್ಷೆ, ವಿಡಾಲ್. ಪ್ರತಿಯೊಂದೂ ಸರಿ, ಮೌಲ್ಯಮಾಪನದ ಸೂತ್ರದ ಪ್ರಕಾರ ಪ್ರತಿಯೊಂದಕ್ಕೂ ಅಂಕವಿದೆ, ನಾನೂ ಕೊಟ್ಟಿದ್ದೇನೆ. ಆದರೂ ಓದುವಾಗ ಸಂತೆಯ ಸಾಮಾನಿನ ಚೀಟಿಯನ್ನು ಓದಿದಂತಾಗುತ್ತದೆ. ಇದೇ ಸಾಮಗ್ರಿಯಿಂದ ಇನ್ನೊಂದು ಬಗೆಯ ಉತ್ತರವೂ ಸಾಧ್ಯ. ರೋಗಿಯ ಮಲದಿಂದ ಹೊರಬಿದ್ದ ರೋಗಾಣು ಕುಡಿಯುವ ನೀರನ್ನೋ ಆಹಾರವನ್ನೋ ಸೇರುತ್ತದೆ. ಅದನ್ನು ಸೇವಿಸಿದವನ ಸಣ್ಣಕರುಳನ್ನು ಹೊಕ್ಕು, ಅಲ್ಲಿಂದ ರಕ್ತದ ಮೂಲಕ ಇತರ ಅಂಗಗಳಿಗೆ ಸಾಗುತ್ತದೆ. ಆದ್ದರಿಂದಲೇ ಜ್ವರ 39ರಿಂದ 40 ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಿ ಇಳಿಯದೆ ನಿಲ್ಲುತ್ತದೆ, ನಿಶ್ಶಕ್ತಿ, ಹಸಿವು ಕೆಡುವುದು, ಮಲಬದ್ಧತೆ ಕಾಣಿಸುತ್ತವೆ. ಕರುಳಿನಲ್ಲಿ ನೆಲೆನಿಂತದ್ದರಿಂದಲೇ ಉಲ್ಬಣಿಸಿದಾಗ ಕರುಳಿಗೆ ತೂತು ಬಿದ್ದು ಪ್ರಾಣಕ್ಕೆ ಬರುತ್ತದೆ. ‘ಆದ್ದರಿಂದ’ ಎಂಬ ಒಂದು ಶಬ್ದ ಎಷ್ಟು ಕೆಲಸ ಮಾಡಿತು ನೋಡಿ. ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಸಂಗತಿಗಳು ಒಂದು ದಾರಿಯಾದವು. ರೋಗ ಎಂಬುದು ಮೂಲತಃ ಒಂದು ದಾರಿ. ಎಲ್ಲಿಂದಲೋ ಹೊರಟು, ಯಾವುದೋ ಬಾಗಿಲಿನಿಂದ ಒಳಗೆ ಬಂದು, ಎಲ್ಲಿಯೋ ನೆಲೆಸಿ, ಮತ್ತೆ ಹೊರಬಿದ್ದು ಇನ್ನೊಬ್ಬನನ್ನು ಹುಡುಕುವ ದಾರಿ. ಆ ದಾರಿಯನ್ನು ಮುರಿಯದೆ ಹೇಳಿದವನ ಉತ್ತರದಲ್ಲಿ ರೋಗವನ್ನು ತಡೆಯುವ ಉಪಾಯವೂ ತಾನಾಗಿಯೇ ಬಂದಿರುತ್ತದೆ. ದಾರಿಯಲ್ಲಿ ಎಲ್ಲಿ ಅಡ್ಡಗಟ್ಟಬಹುದೆಂಬುದು ಕಣ್ಣಿಗೆ ಕಾಣುತ್ತದೆ. ಪಟ್ಟಿ ಬರೆದವನು ‘ತಡೆಗಟ್ಟುವಿಕೆ’ ಎಂಬ ಶೀರ್ಷಿಕೆಯನ್ನು ಬೇರೆ ಬಾಯಿಪಾಠ ಮಾಡಬೇಕಾಗುತ್ತದೆ.

ವಿಡಾಲ್ ಪರೀಕ್ಷೆಯ ಬಗ್ಗೆ ಒಂದು ಮಾತು. ಫ್ರಾನ್ಸಿನ ವೈದ್ಯ ವಿಡಾಲ್ 1896ರಲ್ಲಿ ರೂಪಿಸಿದ ಈ ಪರೀಕ್ಷೆಯನ್ನೇ ಪುಸ್ತಕ ಹೇಳುತ್ತದೆ, ಉತ್ತರದಲ್ಲಿಯೂ ಅದನ್ನೇ ಬರೆಯಬೇಕು. ಇಂದಿನ ವೈದ್ಯರು ಅದೊಂದನ್ನೇ ನಂಬುವುದಿಲ್ಲ. ರಕ್ತದಿಂದ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ ಹೆಚ್ಚಿನ ಮಹತ್ವ ಕೊಡುತ್ತಾರೆ. ಪುಸ್ತಕ ಓದಿದ ಹುಡುಗ ಮನೆಯಲ್ಲಿ ಯಾರಿಗೋ ಜ್ವರ ಬಂದಾಗ “ವಿಡಾಲ್ ಬಂದಿದೆ, ಇದು ಟೈಫಾಯಿಡೇ” ಎಂದು ತೀರ್ಪು ಕೊಡದಿರಲೆಂದು ಇಷ್ಟು ಹೇಳಿದೆ.

ಅದೇ ಪಾಠದಲ್ಲಿ ಮೇರಿ ಮ್ಯಾಲನ್ ಎಂಬ ಹೆಂಗಸಿನ ಹೆಸರು ಬರುತ್ತದೆ. ಐರ್ಲೆಂಡಿನಿಂದ ನ್ಯೂಯಾರ್ಕಿಗೆ ಬಂದು ಅಡುಗೆಯ ಕೆಲಸ ಮಾಡಿಕೊಂಡಿದ್ದವಳು. ಅವಳು ಅಡುಗೆ ಮಾಡಿದ ಮನೆಗಳಲ್ಲಿ ಒಂದಾದ ಮೇಲೊಂದರಂತೆ ವಿಷಮಶೀತ ಜ್ವರ ಕಾಣಿಸಿತು. ಅವಳಿಗೆ ಮಾತ್ರ ಏನೂ ಇಲ್ಲ. ರೋಗಾಣು ಅವಳ ದೇಹದಲ್ಲಿತ್ತು, ರೋಗವಿರಲಿಲ್ಲ. 1907ರಲ್ಲಿ ಅವಳನ್ನು ಹಿಡಿದು ಒಂದು ದ್ವೀಪದಲ್ಲಿ ಪ್ರತ್ಯೇಕವಾಗಿಟ್ಟರು. ಇನ್ನು ಅಡುಗೆ ಮಾಡುವುದಿಲ್ಲವೆಂಬ ಮಾತಿನ ಮೇಲೆ 1910ರಲ್ಲಿ ಬಿಟ್ಟರು. 1915ರಲ್ಲಿ ಬೇರೆ ಹೆಸರಿನಿಂದ ಒಂದು ಹೆರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಸಿಕ್ಕಳು. ಮತ್ತೆ ದ್ವೀಪ, 1938ರಲ್ಲಿ ಸಾಯುವವರೆಗೂ ಅಲ್ಲಿಯೇ. ಉತ್ತರದಲ್ಲಿ ಅವಳಿಗೆ ಒಂದು ಸಾಲು ಸಾಕು. ಆದರೆ ಆ ಸಾಲಿನಲ್ಲಿ ಕನ್ನಡದ ಒಂದು ತೊಡಕು ಎದುರಾಗುತ್ತದೆ. ಮಲೇರಿಯಾದ ಸೊಳ್ಳೆಯನ್ನೂ ನಮ್ಮ ಬರವಣಿಗೆಯಲ್ಲಿ ‘ವಾಹಕ’ ಎನ್ನುವುದುಂಟು, ಮೇರಿಯನ್ನೂ ‘ವಾಹಕ’ ಎನ್ನುವುದುಂಟು. ಒಂದು ರೋಗವನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಯ್ಯುವ ಕೀಟ. ಇನ್ನೊಂದು ಲಕ್ಷಣ ತೋರದೆ ಸೋಂಕನ್ನು ಹೊತ್ತ ಮನುಷ್ಯಜೀವಿ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಶಬ್ದಗಳಿವೆ. ಕನ್ನಡದಲ್ಲಿ ಬರೆಯುವವರು ಸೊಳ್ಳೆಗೆ ‘ವಾಹಕ ಕೀಟ’ ಎಂದೂ, ಮೇರಿಯಂಥವರಿಗೆ ‘ಲಕ್ಷಣವಿಲ್ಲದ ಸೋಂಕುಧಾರಿ’ ಎಂದೂ ಬಿಡಿಸಿ ಬರೆದರೆ ಪರೀಕ್ಷಕನಿಗೆ ಸಂದೇಹ ಉಳಿಯದು. 2020ರ ಕೊರೋನಾ ಕಾಲದಲ್ಲಿ ‘ಸೋಂಕಿತ’ ಎಂಬ ಶಬ್ದ ಮನೆಮನೆಯ ಮಾತಾಯಿತು. ಮಡಿಮೈಲಿಗೆಯ ಲೋಕದಿಂದ ಬಂದ ‘ಸೋಂಕು’ ಎಂಬ ಹಳೆಯ ಶಬ್ದ ಹೀಗೆ ವಿಜ್ಞಾನದ ಕೆಲಸಕ್ಕೆ ನಿಂತಿತಾದರೂ ಹಳೆಯ ವಾಸನೆಯನ್ನು ಪೂರ್ತಿ ಬಿಟ್ಟಿಲ್ಲವೆಂಬುದನ್ನು ಆ ದಿನಗಳಲ್ಲಿ ನೆರೆಹೊರೆಯವರ ಮುಖ ನೋಡಿದವರೆಲ್ಲ ಬಲ್ಲರು.

ದಾರಿಯನ್ನು ಅರ್ಧ ಮಾತ್ರ ತಿಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯ ಪ್ಲೇಗಿನ ನೆನಪು ಸಾಕು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ಎರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳವರೆಗೆ ಹಬ್ಬಿತು. ಹುಬ್ಬಳ್ಳಿಯಲ್ಲಿ 1898ರಲ್ಲಿ ಹಾಫ್ಕಿನ್ನರ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿದರು. ಹಳ್ಳಿಗಳಲ್ಲಿ ಜನ ಮಾಡಿದ್ದೇನು? ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇದನ್ನು ಮೂಢನಂಬಿಕೆ ಎನ್ನಲಾಗದು. ಇಲಿಗೂ ರೋಗಕ್ಕೂ ನಂಟಿದೆಯೆಂದು ಅವರು ಕಣ್ಣಿನಿಂದ ಕಂಡು ಕಲಿತಿದ್ದರು. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗಿನಲ್ಲಿ 1894ರಲ್ಲಿಯೇ ಗುರುತಿಸಿದ್ದನು. ಆದರೆ ಸತ್ತ ಇಲಿಯ ತಣ್ಣಗಾದ ಮೈಬಿಟ್ಟು ಹೊರಡುವ ಚಿಗಟವೇ ಮನುಷ್ಯನನ್ನು ಕಚ್ಚಿ ರೋಗ ಕೊಡುತ್ತದೆಂದು ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ತೋರಿಸಿದ್ದು 1898ರಲ್ಲಿ. ಅದನ್ನು ಲೋಕ ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಊರವರು ಇಲಿಯವರೆಗೆ ಬಂದಿದ್ದರು, ವಿಜ್ಞಾನಿ ರೋಗಾಣುವಿನವರೆಗೆ ಬಂದಿದ್ದನು, ನಡುವಿನ ಚಿಗಟ ಇಬ್ಬರಿಗೂ ಕಂಡಿರಲಿಲ್ಲ. ಐದು ಅಂಕದ ಉತ್ತರಗಳಲ್ಲಿ ನನಗೆ ಮತ್ತೆ ಮತ್ತೆ ಕಾಣುವುದು ಈ ಚಿಗಟದ ಕೊರತೆಯೇ. ಮೊದಲೂ ಇರುತ್ತದೆ, ಕೊನೆಯೂ ಇರುತ್ತದೆ. ನಡುವಿನ ಕೊಂಡಿ ಇರುವುದಿಲ್ಲ.

ಇನ್ನು ನಾರುಹುಣ್ಣಿನ ವಿಷಯ. ಇಂದಿನ ಮಕ್ಕಳು ಇದರ ಹೆಸರನ್ನೇ ಕೇಳಿರಲಾರರು, ಪರೀಕ್ಷೆಯಲ್ಲಿ ಇದು ಬರುವುದೂ ಇಲ್ಲ. ಆದರೆ ಉತ್ತರ ಕರ್ನಾಟಕದ ಒಣಸೀಮೆಯ ಹಿರಿಯರು ಇದನ್ನು ಮರೆತಿರಲಾರರು. ಕಾಲಿನ ಮೇಲೊಂದು ಬೊಕ್ಕೆ ಏಳುತ್ತದೆ, ಉರಿ ತಾಳದು. ಬೊಕ್ಕೆ ಒಡೆದು ಬಿಳಿಯ ದಾರದಂಥ ಹುಳು ತಲೆ ಹಾಕುತ್ತದೆ. ಎರಡು ಮೂರು ಅಡಿ ಉದ್ದದ ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲದಷ್ಟು ಮಾತ್ರ ಎಳೆಯಬೇಕು. ತುಂಡಾದರೆ ಕಾಲು ಬಾತು ಕೀವುಗಟ್ಟುತ್ತದೆ. ಬಿತ್ತನೆಯ ಹೊತ್ತಿನಲ್ಲಿ ಮನೆಯ ದುಡಿಯುವ ಆಳು ಹೀಗೆ ವಾರಗಟ್ಟಲೆ ಮಲಗಿದರೆ ಆ ವರ್ಷದ ಬೆಳೆಯೇ ಹೋಯಿತು. ಇದು ಬರುತ್ತಿದ್ದದ್ದು ಎಲ್ಲಿಂದ? ಉರಿ ತಣಿಸಲೆಂದೋ ನೀರು ತರಲೆಂದೋ ರೋಗಿ ಮೆಟ್ಟಿಲುಬಾವಿಗೆ ಇಳಿದು ಕಾಲನ್ನು ನೀರಿನಲ್ಲಿ ಇಟ್ಟೊಡನೆ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಚುಕ್ಕೆಯಂತೆ ಕಾಣುವ ನೀರಿನ ಜೀವಿ ನುಂಗುತ್ತದೆ. ಅದೇ ಬಾವಿಯ ನೀರನ್ನು ಕುಡಿದವನ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಉಳಿದು ಕರುಳಿನ ಗೋಡೆಯನ್ನು ತೂರಿ ದೇಹದೊಳಗೆ ಬೆಳೆಯುತ್ತದೆ. ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆ. ಮತ್ತೆ ಬಾವಿ.

ಈ ರೋಗಕ್ಕೆ ಗುಣಪಡಿಸುವ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ದಾರಿ ಮಾತ್ರ ಪೂರ್ತಿ ಗೊತ್ತಿತ್ತು. 1983–84ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದಾಗ ಪೀಡಿತವಾಗಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿರಿ ಎಂದರು. ಸೈಕ್ಲಾಪ್ಸ್ ಬಟ್ಟೆಯಲ್ಲಿ ಉಳಿಯಿತು. ಮೆಟ್ಟಿಲುಬಾವಿಗಳನ್ನು ಮುಚ್ಚಿ ಇಲ್ಲವೆ ಸೇದುಬಾವಿಯಾಗಿ ಮಾರ್ಪಡಿಸಿ, ಕೈಪಂಪು ಹಾಕಿದರು. ರೋಗಿಯ ಕಾಲು ನೀರಿಗೆ ಮುಟ್ಟದಾಯಿತು. ನೀರಿಗೆ ಔಷಧ ಬೆರೆಸಿ ಸೈಕ್ಲಾಪ್ಸನ್ನು ಕೊಂದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಸರಿಯಾಗಿ ಬರೆದ ಉತ್ತರವೊಂದು ಬಟ್ಟೆಯ ತುಂಡನ್ನು ಹಿಡಿದು ಹಳ್ಳಿಗೆ ಹೊರಟಂತೆ ನನಗೆ ಈ ಕಥೆ ತೋರುತ್ತದೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಮಕ್ಕಳು ನಾರುಹುಣ್ಣಿನ ಕಥೆಯನ್ನು ಕೇಳಿ, ಅದನ್ನು ಐದು ಅಂಕದ ಉತ್ತರವೆಂಬಂತೆ ಒಂದು ಹಾಳೆಯಲ್ಲಿ ಬರೆದು ನೋಡಬಹುದು. ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತಿಳಿಯದು.

ಪರೀಕ್ಷೆಯಲ್ಲಿ ತಪ್ಪದೆ ಬರುವುದು ಮಲೇರಿಯಾದ ಜೀವನಚಕ್ರ. ಅದನ್ನು ಎಲ್ಲಿಂದ ಆರಂಭಿಸಬೇಕೆಂದು ಮಕ್ಕಳು ತಡವರಿಸುತ್ತಾರೆ. ಚಕ್ರಕ್ಕೆ ಮೊದಲೆಂಬುದಿಲ್ಲ, ಆದರೆ ಉತ್ತರಕ್ಕೆ ಮೊದಲು ಬೇಕು. ಹೆಣ್ಣು ಅನಾಫಿಲಿಸ್ ಸೊಳ್ಳೆಯ ಕಡಿತದಿಂದ ಆರಂಭಿಸುವುದು ಸುಲಭ. ಸ್ಪೋರೋಜೋಯಿಟ್ ಎಂಬ ರೂಪದಲ್ಲಿ ಒಳಬಂದ ಪ್ಲಾಸ್ಮೋಡಿಯಮ್ ಮೊದಲು ಯಕೃತ್ತಿನಲ್ಲಿ, ಆಮೇಲೆ ಕೆಂಪು ರಕ್ತಕಣಗಳಲ್ಲಿ ಹೆಚ್ಚುತ್ತದೆ. ಕಣಗಳು ಒಡೆದಾಗ ಹೀಮೋಜೋಯಿನ್ ಎಂಬ ವಿಷವಸ್ತು ಹೊರಬಿದ್ದು ಚಳಿಯೂ ಜ್ವರವೂ ಬರುತ್ತವೆಂದು ಪುಸ್ತಕ ಹೇಳುತ್ತದೆ. ನಮ್ಮ ಹಿರಿಯರು ದಿನ ಬಿಟ್ಟು ದಿನ ಬರುವ ಚಳಿಜ್ವರ ಎಂದು ಹೇಳುತ್ತಿದ್ದರಲ್ಲ, ಆ ಲೆಕ್ಕ ಇಲ್ಲಿದೆ. ವೈವ್ಯಾಕ್ಸ್ ಜಾತಿಯ ಪರಾವಲಂಬಿ ರಕ್ತಕಣದೊಳಗೆ ಬೆಳೆದು ಅದನ್ನು ಒಡೆಯಲು ಹಿಡಿಯುವ ಕಾಲ ಸುಮಾರು 48 ಗಂಟೆ. ಅಜ್ಜಿ ಎಣಿಸಿದ್ದು ದಿನಗಳನ್ನು. ಒಳಗೆ ನಡೆಯುತ್ತಿದ್ದದ್ದು ಈ ಕೆಲಸ. ರಕ್ತದಲ್ಲಿ ಹುಟ್ಟಿದ ಲಿಂಗಕಣಜನಕಗಳನ್ನು ಇನ್ನೊಂದು ಸೊಳ್ಳೆ ಹೀರಿ, ಅದರ ಕರುಳಿನಲ್ಲಿ ಗರ್ಭಧಾರಣೆ ನಡೆದು, ಹೊಸ ಸ್ಪೋರೋಜೋಯಿಟ್‌ಗಳು ಅದರ ಜೊಲ್ಲುಗ್ರಂಥಿಯನ್ನು ಸೇರಿದರೆ ಚಕ್ರ ಮುಗಿಯಿತು. ಸೊಳ್ಳೆಯೊಳಗಿನ ಭಾಗವನ್ನು ಬಿಟ್ಟುಬಿಡುವವರೇ ಹೆಚ್ಚು. ಮತ್ತೆ ಅದೇ ಚಿಗಟದ ಕೊರತೆ.

ಸೊಳ್ಳೆಯ ಜಠರದ ಗೋಡೆಯಲ್ಲಿ ಈ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಕಂಡದ್ದು ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು. ಅದಕ್ಕೂ ಬಹಳ ಮೊದಲು, 1883ರಲ್ಲಿ, ಆತ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ತಾಳಲಾರದೆ ಹುಡುಕಿದಾಗ, ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಮರಿಗಳು ಹರಿದಾಡುವುದು ಕಂಡಿತಂತೆ. ತೊಟ್ಟಿಯನ್ನು ಬೋರಲು ಹಾಕಿದನು, ಕಾಟ ತಗ್ಗಿತು. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ಆಗ ಆತನಿಗೂ ಗೊತ್ತಿರಲಿಲ್ಲ. “ನಿಂತ ನೀರನ್ನು ಚೆಲ್ಲಿರಿ” ಎಂದು ಮಕ್ಕಳು ಬರೆಯುವ ಅರ್ಧ ಅಂಕದ ಸಾಲಿಗೆ ಬೆಂಗಳೂರಿನಲ್ಲಿ ಇಂಥದೊಂದು ಹಿನ್ನೆಲೆಯಿದೆ.

ಬರವಣಿಗೆಯ ಮರ್ಯಾದೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರಶ್ನೆಯ ಕ್ರಿಯಾಪದವನ್ನು ಮೊದಲು ಓದಬೇಕು. ‘ಹೆಸರಿಸಿ’ ಎಂದರೆ ಹೆಸರು ಸಾಕು, ಕಥೆ ಬೇಡ. ‘ಕಾರಣ ಕೊಡಿ’ ಎಂದರೆ ಸಂಗತಿಯನ್ನು ತಿರುಗಿಸಿ ಹೇಳಿದರೆ ಕಾರಣವಾಗದು. ‘ವ್ಯತ್ಯಾಸ ತಿಳಿಸಿ’ ಎಂದಾಗ ಒಂದೇ ಅಳತೆಗೋಲಿನಿಂದ ಎರಡನ್ನೂ ಅಳೆಯಬೇಕು. ಒಂದರ ಬಣ್ಣವನ್ನೂ ಇನ್ನೊಂದರ ತೂಕವನ್ನೂ ಹೇಳುವುದು ವ್ಯತ್ಯಾಸವಲ್ಲ. ಜೀವಿಗಳ ಶಾಸ್ತ್ರೀಯ ಹೆಸರನ್ನು ರೋಮನ್ ಲಿಪಿಯಲ್ಲಿ, ಮೊದಲ ಪದವನ್ನು ದೊಡ್ಡಕ್ಷರದಿಂದ, ಎರಡನೆಯದನ್ನು ಸಣ್ಣಕ್ಷರದಿಂದ ಆರಂಭಿಸಿ, ಎರಡಕ್ಕೂ ಬೇರೆ ಬೇರೆಯಾಗಿ ಅಡಿಗೆರೆ ಎಳೆಯಬೇಕೆಂಬುದು ಸಂಪ್ರದಾಯ. ಕನ್ನಡದ ಅಕ್ಷರಗಳಲ್ಲಿ ದೊಡ್ಡದು ಸಣ್ಣದೆಂಬ ಭೇದವಿಲ್ಲದಿರುವುದರಿಂದ ನಮ್ಮ ಮಕ್ಕಳು ಇಲ್ಲಿ ಮೇಲಿಂದ ಮೇಲೆ ಎಡವುತ್ತಾರೆ. ಪ್ರತಿಕಾಯದ ಚಿತ್ರ ಬರೆಯುವಾಗ ಎರಡು ಉದ್ದನೆಯ, ಎರಡು ಗಿಡ್ಡನೆಯ ಸರಪಣಿಗಳಿರಲಿ. ಹೆಸರಿನ ಗೆರೆಗಳು ಒಂದನ್ನೊಂದು ದಾಟದಿರಲಿ. ಭಾಷೆಯ ಬಗ್ಗೆ ಅಂಜಿಕೆಯಿರುವವರು ಚಿಕ್ಕ ವಾಕ್ಯಗಳನ್ನು ಬರೆಯಲಿ. ವೈದ್ಯವಿಷಯವನ್ನು ಕನ್ನಡದಲ್ಲಿ ಸರಳವಾಗಿ, ಸಂಕೋಚವಿಲ್ಲದೆ ಬರೆಯಬಹುದೆಂಬುದನ್ನು ಅನುಪಮಾ ನಿರಂಜನ ‘ತಾಯಿ–ಮಗು’ವಿನಲ್ಲಿ ಎಂದೋ ತೋರಿಸಿದ್ದಾರೆ. ಅಂಥ ಪುಸ್ತಕ ಓದಿದವನ ಇಂಗ್ಲಿಷ್ ಉತ್ತರವೂ ನೆಟ್ಟಗಾಗುತ್ತದೆಂಬುದು ನನ್ನ ಅನುಭವ.

ಏಡ್ಸ್ ಕುರಿತ ಪ್ರಶ್ನೆಯಲ್ಲಿ ಬೇರೆ ಬಗೆಯ ಎಚ್ಚರ ಬೇಕು. ಭಾರತದಲ್ಲಿ ಈ ವೈರಾಣು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಮುಂದೆ ಅದು ಹೆಚ್ಚಾಗಿ ಹಬ್ಬಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಇದ್ದವು. ಈ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ‘ಕೆಟ್ಟ ನಡತೆಯವರಿಗೆ ಬರುವ ರೋಗ’ ಎಂಬ ವಾಕ್ಯ ಆಗಾಗ ಕಾಣುತ್ತದೆ. ಅದು ಜೀವಶಾಸ್ತ್ರವಲ್ಲ. ಸೋಂಕಿತರೊಡನೆ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗು. ವೈರಾಣುವಿನ ದಾರಿಗಳು ಇವು. ಅದು ಸಹಾಯಕ ಟಿ ಕೋಶಗಳನ್ನು ಹೊಕ್ಕು, ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಮಾಡಿಸಿ, ಆ ಕೋಶಗಳನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಆದ್ದರಿಂದ ಬೇರೆಯವರಿಗೆ ಏನೂ ಮಾಡದ ರೋಗಾಣುಗಳೂ ರೋಗಿಯನ್ನು ಕೆಡವುತ್ತವೆ. ಮುಟ್ಟಿದರೆ ಬಾರದು, ಜೊತೆಯಲ್ಲಿ ಉಂಡರೆ ಬಾರದು ಎಂಬ ಸಾಲನ್ನು ಅಂಕವಿರಲಿ ಇಲ್ಲದಿರಲಿ ಬರೆಯಬೇಕೆಂದು ನಾನು ಹೇಳುತ್ತೇನೆ. ಅದೇ ಕೋಣೆಯಲ್ಲಿ, ಎರಡು ಬೆಂಚಿನಾಚೆ, ಆ ನೋವನ್ನು ಮನೆಯಲ್ಲಿ ಕಂಡ ಮಗುವೊಂದು ಅದೇ ಪ್ರಶ್ನೆಗೆ ಉತ್ತರ ಬರೆಯುತ್ತಿರಬಹುದು.

ಕೊನೆಗೆ ಎರಡು ಅಂಕದ ಒಂದು ಪ್ರಶ್ನೆ. ನವಜಾತ ಶಿಶುವಿಗೆ ತಾಯಿಯ ಮೊದಲ ಹಾಲು ಏಕೆ ಅವಶ್ಯಕ? ಇದು ರೋಗನಿರೋಧಕತೆಯ ಭಾಗದಲ್ಲಿ ಬರುತ್ತದೆ. ದೇಹ ತಾನೇ ಪ್ರತಿಕಾಯಗಳನ್ನು ಮಾಡಿಕೊಂಡರೆ ಅದು ಸಕ್ರಿಯ. ನಿಧಾನ, ಆದರೆ ಬಾಳಿಕೆಯದು. ಸಿದ್ಧ ಪ್ರತಿಕಾಯಗಳನ್ನು ಹೊರಗಿನಿಂದ ಕೊಟ್ಟರೆ ನಿಷ್ಕ್ರಿಯ. ಬೇಗ ಕೆಲಸ ಮಾಡುತ್ತದೆ, ಬಹುಕಾಲ ಉಳಿಯದು. ಪಡದಲ್ಲಿ ಕೆಲಸ ಮಾಡುವಾಗ ಹಾವು ಕಡಿದವನಿಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೇ ಏಕೆ ಕೊಡುತ್ತಾರೆಂದರೆ, ಅವನ ದೇಹ ತಾನಾಗಿ ಮಾಡಿಕೊಳ್ಳುವವರೆಗೆ ವಿಷ ಕಾಯುವುದಿಲ್ಲ. ಹಾಗೆಯೇ ಹುಟ್ಟಿದ ಕೂಸಿಗೂ ತಾನೇ ಮಾಡಿಕೊಳ್ಳುವಷ್ಟು ಶಕ್ತಿಯೂ ಸಮಯವೂ ಇರುವುದಿಲ್ಲ.

ಈ ಎರಡು ಅಂಕದ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುವುದಕ್ಕೆ ಕಾರಣವಿದೆ. ಎಮ್ಮೆ ಈದರೆ ಗಿಣ್ಣದ ಹಾಲನ್ನು ನಾವು ಬೆಲ್ಲ ಏಲಕ್ಕಿ ಹಾಕಿ ಕಾಸಿ, ನೆರೆಮನೆಗೂ ಕೊಟ್ಟು ತಿನ್ನುತ್ತೇವೆ. ಮನೆಯ ಸೊಸೆ ಹೆತ್ತಾಗ ಅವಳ ಹಳದಿಯ ಮೊದಲ ಹಾಲನ್ನು, ಅದು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನನ್ನೋ ಸಕ್ಕರೆಯ ನೀರನ್ನೋ ಇಡುವ ರೂಢಿ ಅನೇಕ ಮನೆಗಳಲ್ಲಿತ್ತು, ಕೆಲವೆಡೆ ಈಗಲೂ ಇದೆ. ಪರೀಕ್ಷೆಗೆ ಕುಳಿತ ಹುಡುಗಿ ಪ್ರಶ್ನೆಯ ಮುಂದೆ ‘ಐಜಿಎ’ ಎಂಬ ಮೂರಕ್ಷರ ಬರೆದು ಎದ್ದು ಬಂದರೆ ಒಂದು ಅಂಕ ಸಿಕ್ಕೀತು. ಆದರೆ ನಾಳೆ ಅವಳ ಅತ್ತಿಗೆಯ ಹೆರಿಗೆಯಾದಾಗ, “ಯವ್ವಾ, ಆ ಹಾಲು ಚೆಲ್ಲಬ್ಯಾಡ” ಎಂದು ಅವಳು ಅಜ್ಜಿಗೆ ಹೇಳಬೇಕಾದರೆ ಆ ಮೂರಕ್ಷರ ಸಾಲವು. ಅಜ್ಜಿ ಏಕೆಂದು ಕೇಳುತ್ತಾಳೆ. ಅಜ್ಜಿಗೂ ಪರೀಕ್ಷಕನಿಗೂ ಒಪ್ಪುವ ಉತ್ತರ ಹೀಗಿರಬಹುದು: ಹೆರಿಗೆಯಾದ ಮೊದಲ ಕೆಲವು ದಿನ ಬರುವ ಹಳದಿಯ ಹಾಲಿನಲ್ಲಿ ತಾಯಿಯ ದೇಹ ಸಿದ್ಧಮಾಡಿದ ಐಜಿಎ ಎಂಬ ಪ್ರತಿಕಾಯಗಳು ಹೇರಳವಾಗಿರುತ್ತವೆ. ಕೂಸಿಗೆ ತನ್ನ ಪ್ರತಿಕಾಯಗಳನ್ನು ಸಾಕಷ್ಟು ಮಾಡಿಕೊಳ್ಳಲು ಇನ್ನೂ ಬಾರದು; ಆದ್ದರಿಂದ ಅದು ಬಲಿಯುವವರೆಗೆ ತಾಯಿಯವು ಅದರ ಕರುಳಿನಲ್ಲಿ ನಿಂತು ರೋಗಾಣುಗಳನ್ನು ತಡೆಯುತ್ತವೆ.